ಹಿಮ ಉಗುಳುವ ಯಂತ್ರಕ್ಕೆ ಎರಡು ಟಯರು

ಜುಲೈ ತಿಂಗಳ ಬಿಸಿಲಲ್ಲಿ ದುಬೈಯ ಟಯರ್ ಅಂಗಡಿಗೆ ಹೋಗಿ, ಹಿಮದ ಮೇಲೆ ಓಡುವ ಟಯರು ಇದೆಯೇ ಎಂದು ಕೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ನಾನು ಕೇಳಿದ್ದೇನೆ. ಮೊದಲ ಅಂಗಡಿಯವನು ನಕ್ಕ. ಎರಡನೆಯವನು ಒಳಗಿದ್ದವರನ್ನೆಲ್ಲ ಕರೆದು ನನ್ನಿಂದ ಇನ್ನೊಮ್ಮೆ ಹೇಳಿಸಿದ, ಆಮೇಲೆ ಎಲ್ಲರೂ ಸೇರಿ ನಕ್ಕರು. ಮೂರನೆಯವನು ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡಿ, ಕುರ್ಚಿ ಎಳೆದು ಕೂರಿಸಿ, ತಣ್ಣೀರಿನ ಬಾಟಲಿ ಕೈಗಿಟ್ಟ. ಬಿಸಿಲು ನೆತ್ತಿಗೇರಿದೆ ಎಂದುಕೊಂಡಿರಬೇಕು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಬಾಟಲಿ ಅಲ್ಲೇ ಬಿಟ್ಟು ಎದ್ದು ಬಂದೆ. ಕಾರಿನಲ್ಲಿ ಕೂತ ಮೇಲೆ, ಛೆ, ನೀರು ಕುಡಿದಾದರೂ ಬರಬಹುದಿತ್ತು ಅನ್ನಿಸಿತು.

ಆಗ ನಾನು ಒಂದು ಶಾಪಿಂಗ್ ಮಾಲಿನ ಒಳಗಿದ್ದ ಹಿಮದ ಪಾರ್ಕಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದೆ. ಹೊರಗೆ ಮುಖ ಸುಡುವ ಗಾಳಿ. ಒಳಗೆ, ದೊಡ್ಡ ಗೋದಾಮಿನಷ್ಟು ಜಾಗದಲ್ಲಿ, ಸೊನ್ನೆಗಿಂತ ಕೆಳಗಿನ ಚಳಿ ಮತ್ತು ನೆಲದ ತುಂಬ ಹಿಮ. ಉಡುಪಿ ಕಡೆಯವನಾದ ನನಗೆ ಅಲ್ಲಿಯವರೆಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಹಿಮ ಬಿಟ್ಟರೆ ಬೇರೆ ಹಿಮ ಗೊತ್ತಿರಲಿಲ್ಲ. ಹೊಟ್ಟೆಪಾಡು ಏನೇನೋ ಕಲಿಸುತ್ತದೆ ನೋಡಿ.

ಆ ಪಾರ್ಕಿನಲ್ಲಿ ಒಂದು ಸ್ನೋ ಬ್ಲೋವರ್ ಇತ್ತು. ಹಿಮ ತಯಾರಿಸುವ ಯಂತ್ರ ಬೇರೆ, ಇದು ಬೇರೆ. ಇದಕ್ಕೆ ಮುಂದೆ ತಿರುಗುವ ಹಲ್ಲುಗಳ ದೊಡ್ಡ ಬಾಯಿ, ಮೇಲೆ ಸೊಂಡಿಲಿನಂಥ ಕೊಳವೆ, ಹಿಂದೆ ಹಿಡಿದು ನಡೆಸಲು ಎರಡು ಹಿಡಿ, ಕೆಳಗೆ ಎರಡು ಪುಟ್ಟ ಟಯರು. ಮಕ್ಕಳು ಹಿಂದಿನ ದಿನ ತುಳಿದು ಕಲ್ಲು ಮಾಡಿಟ್ಟ ಹಿಮವನ್ನು ಅದು ಪುಡಿಮಾಡಿ ನುಂಗಿ, ಸೊಂಡಿಲಿನಿಂದ ದೂರಕ್ಕೆ ಉಗುಳುತ್ತಿತ್ತು. ಬಾಗಿಲು ತೆರೆಯುವ ಮೊದಲು, ಬೆಳಿಗ್ಗೆ, ದೊಡ್ಡ ಫ್ಯಾನುಗಳನ್ನು ಹಾಕಿಕೊಂಡು ಈ ಕೆಲಸ ಮುಗಿಯಬೇಕು. ಇಲ್ಲದಿದ್ದರೆ ಇಂಜಿನ್ನಿನ ಹೊಗೆಗೆ ಬಂದವರೆಲ್ಲ ಕೆಮ್ಮಬೇಕಾಗುತ್ತದೆ.

ಅದನ್ನು ನಡೆಸುತ್ತಿದ್ದವರು ಬಾಗಲಕೋಟೆಯವರು. ನಮ್ಮಲ್ಲಿ ಎಲ್ಲರನ್ನೂ ಊರಿನ ಮೇಲೆಯೇ ಕರೆಯುವುದು ರೂಢಿ, ಹಾಗಾಗಿ ಅವರು ನಮಗೆಲ್ಲ 'ಬಾಗಲಕೋಟೆಯವರು', ನಾನು ಅವರಿಗೆ 'ಉಡುಪಿ ಸಾಹೇಬ್ರು'. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸುಳ್ಳು ಹೇಳಲು ಬಾರದವರು. ರಜೆ ಬೇಕಾದರೆ ಹೊಟ್ಟೆನೋವು ಎಂದು ನಾವೆಲ್ಲ ಹೇಳುವಾಗ, ಅವರು ಮ್ಯಾನೇಜರ್ ಎದುರು ನಿಂತು "ಇವತ್ತ ಮನಸ್ಸಿಲ್ಲ ಸರ್" ಎಂದು ಹೇಳಿ ಬೈಸಿಕೊಂಡು ಬಂದವರು. ಮುಹೈಸ್ನಾದಲ್ಲಿ ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಇರುತ್ತಿದ್ದರು, ಮನೆಯವರೆಲ್ಲ ಊರಲ್ಲಿ.

ಆ ವರ್ಷ ಅವರ ಹೆಂಡತಿ ಮೊದಲ ಸಲ ದುಬೈಗೆ ಬಂದರು. ಒಂದು ತಿಂಗಳ ವಿಸಿಟ್ ವೀಸಾ. ಕ್ಯಾಂಪಿನಲ್ಲಿ ಹೆಂಗಸರನ್ನು ಇಟ್ಟುಕೊಳ್ಳುವಂತಿಲ್ಲ. ಸಿಲಿಕಾನ್ ಓಯಸಿಸ್‌ನಲ್ಲಿದ್ದ ನನ್ನ ಫ್ಲಾಟು, ಬೇಸಿಗೆ ರಜೆಗೆ ಹೆಂಡತಿ ಮಗಳು ಊರಿಗೆ ಹೋದದ್ದರಿಂದ, ಭಣಗುಡುತ್ತಿತ್ತು. "ಇಬ್ಬರೂ ಬಂದು ಇರಿ ಮಾರಾಯ್ರೇ, ನನಗೂ ಎರಡು ಹೊತ್ತು ಮನೆ ಊಟ ಸಿಗ್ತದೆ" ಎಂದೆ. ಅರ್ಧ ಅವರಿಗಾಗಿ, ಅರ್ಧ ನನ್ನ ಹೊಟ್ಟೆಗಾಗಿ. ಹೆಂಡತಿಗೆ ಫೋನಿನಲ್ಲಿ ಹೇಳಿದಾಗ ಅವಳೂ ನಿಟ್ಟುಸಿರು ಬಿಟ್ಟಳು, ದಿನಾ ಅಂಗಡಿಯ ಕುಬ್ಬೂಸ್ ರೊಟ್ಟಿ ತಿಂದು ಬದುಕುವುದು ತಪ್ಪಿತಲ್ಲ ಎಂದು. ಪಕ್ಕದಲ್ಲಿದ್ದ ಮಗಳು "ಪಪ್ಪಾ, ಡೋಂಟ್ ಟ್ರಬಲ್ ದೆಮ್" ಎಂದಳು.

ಬಾಗಲಕೋಟೆಯವರ ಹೆಂಡತಿ ಬಂದರು. ಇಳಕಲ್ಲು ಸೀರೆ, ಜೋಳದ ಹಿಟ್ಟಿನ ದೊಡ್ಡ ಚೀಲ, ಶೇಂಗಾ ಉಂಡೆಯ ಡಬ್ಬಿಗಳು. ನಾನು ಅವರಿಗಿಂತ ದೊಡ್ಡವನಾದರೂ ಅಕ್ಕ ಎಂದೇ ಕರೆದೆ, ಅವರು ನನ್ನನ್ನು ಅಣ್ಣಾರ ಎಂದರು. ಆದರೆ ಅವರು ಬರುವ ಕೆಲವೇ ದಿನ ಮೊದಲು ಸ್ನೋ ಬ್ಲೋವರಿನ ಎರಡೂ ಟಯರು ಬಿರುಕು ಬಿಟ್ಟು ಕೈಕೊಟ್ಟಿದ್ದವು. ದಿನಾ ಚಳಿಯಿಂದ ತೆಗೆದು ಹೊರಗಿನ ಬಿಸಿಲಿಗೆ ತೊಳೆಯಲು ಇಟ್ಟರೆ ರಬ್ಬರಾದರೂ ಎಷ್ಟು ದಿನ ತಾಳೀತು? ಯಂತ್ರ ಮೂಲೆ ಸೇರಿತು. ಮ್ಯಾನೇಜರ್ "ಹೊಸ ಯಂತ್ರ ಮುಂದಿನ ವರ್ಷ ನೋಡೋಣ, ಅಲ್ಲಿಯವರೆಗೆ ಉಳಿದ ಹುಡುಗರು ಸಲಿಕೆಯಲ್ಲಿ ತೆಗೆಯಲಿ" ಎಂದ. ಯಂತ್ರವೇ ಇಲ್ಲದ ಆಪರೇಟರನ್ನು ಏನು ಮಾಡುವುದು? ಬಾಗಲಕೋಟೆಯವರನ್ನು ತಾರಸಿಯ ಎ.ಸಿ. ಯಂತ್ರಗಳನ್ನು ತೊಳೆಯಲು ಹಾಕಿದರು. ಜುಲೈ ತಿಂಗಳು, ತಾರಸಿ!

ಹೀಗೆ, ವರ್ಷಗಟ್ಟಲೆ ಹಿಮದೊಳಗೆ ದುಡಿದ ಮನುಷ್ಯ, ಹೆಂಡತಿ ನೋಡಲು ಬಂದ ಹೊತ್ತಿಗೆ ಸರಿಯಾಗಿ ಸಂಜೆ ಸಂಜೆ ಮುಖ ಕಪ್ಪಿಟ್ಟು, ಅಂಗಿಯ ಬೆನ್ನಲ್ಲಿ ಉಪ್ಪಿನ ಗೆರೆ ಎಳೆದುಕೊಂಡು ಮನೆಗೆ ಬರತೊಡಗಿದರು. ಆ ಅಂಗಿಯನ್ನು ಬಕೀಟಿನಲ್ಲಿ ನೆನೆಸುವಾಗ ಅಕ್ಕನ ಮುಖ ನೋಡಲು ನನಗೇ ಕಷ್ಟವಾಗುತ್ತಿತ್ತು.

ಒಂದು ದಿನ ರೊಟ್ಟಿ ಬಡಿಸುತ್ತ ನನ್ನನ್ನೇ ಕೇಳಿದರು. "ಅಣ್ಣಾರ, ನೀವರೆ ಖರೇ ಹೇಳ್ರಿ. ಇವರು ಇಷ್ಟು ವರ್ಷ ಬಿಸಿಲಾಗ ದುಡದಾರ, ಹೌದಿಲ್ಲೋ?"

"ಅಯ್ಯೋ ಇಲ್ಲ ಅಕ್ಕ. ದೇವರಾಣೆ. ಇವರ ಕೆಲಸ ಹಿಮದ ಒಳಗೇ. ಈಗ ಯಂತ್ರ ಹಾಳಾಗಿ ಸ್ವಲ್ಪ ದಿನ ಮೇಲೆ ಹಾಕಿದ್ದಾರೆ ಅಷ್ಟೇ."

"ನೀವೂ ಅವರ ಕೂಡ ಸೇರ್ಕೊಂಡ್ರಿ" ಎಂದು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

"ಫೋಟೋ ಕಳಿಸಿದ್ನಲ್ಲ?" ಎಂದರು ಬಾಗಲಕೋಟೆಯವರು, ತಟ್ಟೆಯಿಂದ ತಲೆ ಎತ್ತದೆ.

"ಫೋಟೋ! ಸ್ಟುಡಿಯೋದಾಗ ಹಿಂದ ತಾಜಮಹಲ ಪರದೆ ಬಿಟ್ಟೂ ಫೋಟೋ ತೆಗೀತಾರ. ನಮ್ಮ ಓಣ್ಯಾಗ ಒಬ್ಬಾಂವ ಆಫೀಸಿನಾಗ ಎ.ಸಿ. ಕೆಳಗ ಕುಂತೀನಿ ಅಂತ ಹೇಳಿ ಹೇಳಿ, ಬಿಸಿಲಾಗ ಕಬ್ಬಿಣ ಹೊತ್ತು, ಕಡೀಕ ಹಾಸಿಗಿ ಹಿಡದು ಬಂದಾನ. ಆತನ ಹೆಂಡತಿ ಸೈತ ನನ್ನಂಗ ನಂಬಿ ಕುಂತಿದ್ಲು. ಊರಾಗ ಟೀವಿಯೊಳಗ ದುಬೈದ ಬಿಸಿಲು ತೋರಿಸಿದಾಗೆಲ್ಲ ನನಗ ತುತ್ತು ಇಳೀತಿದ್ದಿಲ್ಲ. ಇವರು ನೋಡಿದ್ರ, ಹಿಮದಾಗ ಅದೀನಿ ಅಂತಾರ!"

ಆಕೆಗೆ ಗಂಡ ಸುಳ್ಳುಗಾರ ಎಂಬ ಸಿಟ್ಟಿಲ್ಲ. ತನಗೆ ನೋವಾಗಬಾರದು ಎಂದು ಈ ಮನುಷ್ಯ ಏನನ್ನೋ ಮುಚ್ಚಿಟ್ಟು ಸಾಯುತ್ತಿದ್ದಾನೆ ಎಂಬ ಭಯ. ಅದೇ ಭಯ ಹೊತ್ತುಕೊಂಡು ವಾಪಸು ಹೋದರೆ ಇನ್ನು ಎಷ್ಟು ವರ್ಷ ಹಾಗೇ ಅನ್ನ ಬಿಡಬೇಕು?

ಕೈ ತೊಳೆಯುವಾಗ ಬಾಗಲಕೋಟೆಯವರಿಗೆ ಹೇಳಿದೆ. "ಎಂತಕ್ಕೆ ತಲೆಬಿಸಿ ಮಾರಾಯ್ರೇ? ನಾಳೆಯೇ ಪಾಸ್ ಮಾಡಿಸಿ ಕೊಡ್ತೇನೆ. ಒಳಗೆ ಬಂದು ಕಣ್ಣಾರೆ ನೋಡಲಿ."

"ಹಿಮ ಐತಿ ಅಂತ ಗೊತ್ತಾಗ್ತೈತ್ರಿ ಸಾಹೇಬ್ರ. ನಾ ಅದರಾಗ ದುಡೀತೀನಿ ಅಂತ ಗೊತ್ತಾಗೂದಿಲ್ಲ. ಆಕಿ ನನ್ನ ಕೆಲಸಾ ನೋಡಬೇಕು. ಸಲಿಕಿ ಯಾರ ಬೇಕಾದ್ರೂ ಹಿಡೀತಾರ." ಪಟ್ಟು ಅಂದರೆ ಪಟ್ಟು. ಅವರ ಮೇಲೂ ನನಗೆ ಸಿಟ್ಟು ಬಂತು, ಆದರೆ ಮಾತು ಸರಿಯಾಗಿಯೇ ಇತ್ತು.

ಅಲ್ಲಿಂದ ಶುರುವಾಯಿತು ನನ್ನ ಟಯರ್ ಯಾತ್ರೆ. ಯಂತ್ರ ತಯಾರಿಸಿದ ಕಂಪನಿಯವರು ಟಯರು ಹಡಗಿನಲ್ಲಿ ಬರಬೇಕು ಎಂದರು. ಬರುವಷ್ಟರಲ್ಲಿ ಅಕ್ಕ ಊರಲ್ಲಿ ಗಣಪತಿ ಹಬ್ಬಕ್ಕೆ ಕಡುಬು ಮಾಡುತ್ತಿರುತ್ತಾರೆ. ಸ್ಥಳೀಯವಾಗಿ ಸಿಕ್ಕಿದ್ದು ಹುಲ್ಲು ಕತ್ತರಿಸುವ ಯಂತ್ರದ ಟಯರು. ಅಳತೆ ಸರಿಯಾಗಿ ಕೂತಿತು, ಖುಷಿಯಾಯಿತು. ಒಳಗೆ ಒಯ್ದು ನಡೆಸಿದರೆ, ಯಂತ್ರದ ಬಾಯಿ ಹಿಮಕ್ಕೆ ಕಚ್ಚಿಕೊಂಡಿತು, ಟಯರು ಮಾತ್ರ ನಿಂತಲ್ಲೇ ಗಿರಗಿರ ತಿರುಗಿತು. ಹುಲ್ಲಿಗೆ ನೋವಾಗಬಾರದೆಂದು ಮಾಡಿದ ನುಣ್ಣನೆಯ ಟಯರು, ಹಿಮವನ್ನು ಅದು ಹಿಡಿಯುವುದಾದರೂ ಹೇಗೆ? ಆಮೇಲೆ ಗೋದಾಮಿನ ಕೈಗಾಡಿಗೆ ಹಾಕುವ, ಗಾಳಿಯೇ ಬೇಡದ ಗಟ್ಟಿ ರಬ್ಬರಿನ ಟಯರು ತಂದೆ. ಚಳಿಗೆ ಅದು ಕಲ್ಲಾಯಿತು. ಹಿಡಿ ಹಿಡಿದ ಬಾಗಲಕೋಟೆಯವರ ಮೈಯೆಲ್ಲ ಗಡಗಡ ನಡುಗಿತು. "ಹಲ್ಲು ಉದುರ್ತಾವ್ರಿ ಸಾಹೇಬ್ರ" ಎಂದು ಯಂತ್ರ ಬಂದ್ ಮಾಡಿ, ಮತ್ತೆ ತಾರಸಿಗೆ ಹತ್ತಿದರು.

ಮ್ಯಾನೇಜರ್ ನನ್ನ ತಿರುಗಾಟ ನೋಡಿ "ಖಲಾಸ್, ಬಿಟ್ಟುಬಿಡು" ಎಂದ. ಬಿಡುವುದಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಇಡೀ ಆಫೀಸಿಗೆ ಕೇಳಿತಂತೆ. ಕೇಳಲಿ.

ಅಕ್ಕ ಹೊರಡುವ ವಾರ ಬಂದುಬಿಟ್ಟಿತು. ಒಂದು ಸಂಜೆ ಟೀವಿ ಹಚ್ಚಿ ಸುಮ್ಮನೆ ಕೂತಿದ್ದೆ. ಗದ್ದೆಯ ಕೆಲಸದ ಏನೋ ಕಾರ್ಯಕ್ರಮ, ಕೆಸರಿನಲ್ಲಿ ಒಬ್ಬ ಟಿಲ್ಲರ್ ಹಿಡಿದು ಹೋಗುತ್ತಿದ್ದ. ಹಿಂದೆ ಎರಡು ಹಿಡಿ, ಕೆಳಗೆ ಎರಡು ಪುಟ್ಟ ಟಯರು, ಟಯರಿನ ಮೇಲೆ ಬಾಣದ ಗುರುತಿನ ದಪ್ಪ ಹಲ್ಲು. ಕೆಸರು ಕಚ್ಚುವ ಹಲ್ಲು! ಎದ್ದು ನಿಂತೆ. ಚಿಕ್ಕಂದಿನಿಂದ ನೋಡಿದ ವಸ್ತು, ತಲೆಗೆ ಹೋಗಿರಲಿಲ್ಲ ನೋಡಿ. ಈ ಮರಳುಗಾಡಿನಲ್ಲಿ ಟಿಲ್ಲರ್ ಎಲ್ಲಿ? ಅಲ್ ಐನ್‌ನಲ್ಲಿ. ಅಲ್ಲಿ ಖರ್ಜೂರದ ತೋಟಗಳುಂಟು, ತೋಟವಿದ್ದಲ್ಲಿ ತೋಟದ ಯಂತ್ರದ ಅಂಗಡಿ ಇರಲೇಬೇಕು.

ಮರುದಿನ ರಜೆ ಹಾಕಿ ಅಲ್ ಐನ್‌ಗೆ ಕಾರು ಬಿಟ್ಟೆ. ಎರಡನೆಯ ಅಂಗಡಿಯಲ್ಲೇ ಅದೃಷ್ಟ ಖುಲಾಯಿಸಿತು. ಅಂಗಡಿಯವರು ಬೆಳ್ತಂಗಡಿ ಕಡೆಯವರು. ನನ್ನ ಹಿಂದಿ ಕೇಳಿಯೇ ಊರು ಗುರುತಿಸಿ "ಎಂಚಿನ ಬೋಡು ಅಣ್ಣಾ?" ಎಂದು ತುಳುವಿನಲ್ಲಿ ಶುರುಮಾಡಿದರು. ಏನು ಬೇಕೆಂದು ಹೇಳಿದೆ. ಹಿಮ ಎಂದ ಕೂಡಲೇ ನಗುತ್ತಾರೆಂದು ಹಲ್ಲು ಕಚ್ಚಿ ಕಾದೆ. ಅವರು ನಗದೆ, "ಹಿಮವಾ ಕೆಸರಾ, ಹಲ್ಲು ಇದ್ದರೆ ಆಯ್ತಲ್ಲ" ಎಂದು ಒಳಗೆ ಹೋಗಿ ಎರಡು ಟಯರು ಉರುಳಿಸಿಕೊಂಡು ಬಂದರು. ಬದಿಯಲ್ಲಿ ಬರೆದಿದ್ದ ಅಳತೆ ನೋಡಿದೆ, ನಮ್ಮದೇ. ಉಗುರು ಒತ್ತಿದೆ. ಬಿಸಿ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದು ಒಣಗಿದ ಟಯರು ಉಗುರಿಗೆ ಜಗ್ಗುವುದಿಲ್ಲ. ಇದು ಜಗ್ಗಿತು, ಕೈ ತೆಗೆದರೆ ಮತ್ತೆ ಮೇಲೆದ್ದಿತು. ರಬ್ಬರಿಗೆ ಜೀವ ಇತ್ತು. ಆ ಮನುಷ್ಯನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

ಅದೇ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಟಯರು ಕೂರಿಸಿ, ಕಂಪ್ರೆಸರ್ ಹಚ್ಚಿ ಗಾಳಿ ತುಂಬಿ, ಬಾಣದ ತುದಿ ಮುಂದಕ್ಕೆ ಇದೆಯೇ ಎಂದು ನೋಡಿ, ಒಳಗೆ ತಳ್ಳಿಟ್ಟೆವು. ನಾಳೆ ಬೆಳಿಗ್ಗೆ ಅಕ್ಕನನ್ನು ಕರೆತರುವುದು ಎಂದು ಮಾತಾಯಿತು. ಬೆಳಿಗ್ಗೆ, ಅವರನ್ನು ಕರೆತರುವ ಮೊದಲು ಒಮ್ಮೆ ನಡೆಸಿ ನೋಡೋಣವೆಂದು ನಾವಿಬ್ಬರೇ ಹೋದರೆ, ಎರಡೂ ಟಯರು ಚಪ್ಪಟೆ. ಒಂದಂತೂ ರಿಮ್ಮಿನಿಂದ ಜಾರಿ ಪೂರ್ತಿ ಗಾಳಿ ಬಿಟ್ಟು ಕೂತಿತ್ತು.

ನನ್ನ ಬಾಯಿಂದ ಬಂದ ತುಳು ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಬೆಳ್ತಂಗಡಿಯವರ ಏಳು ತಲೆಮಾರನ್ನೂ ಬಿಡಲಿಲ್ಲ. ಹೊರಗೆ ತಂದು ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೇನೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆವು. ಒಂದು ಗುಳ್ಳೆಯಿಲ್ಲ. ಹೊರಗೆ ಟಯರು ಗುಂಡಗೆ, ಗಟ್ಟಿ. ಒಳಗೆ ಒಯ್ದು ಅರ್ಧ ದಿನ ಬಿಟ್ಟರೆ ಮತ್ತೆ ಮೆತ್ತಗೆ. ಭೂತ ಹಿಡಿದಿದೆಯೋ ಏನೋ ಎಂದುಕೊಂಡೆ. ಮರುದಿನ ಶುಕ್ರವಾರ, ರಾತ್ರಿಯ ವಿಮಾನಕ್ಕೆ ಅಕ್ಕ ಹೊರಡುವವರು.

ಹಿಮದ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತೆವು. ಬಾಗಲಕೋಟೆಯವರು ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಉಂಡೆಯ ಪ್ಲಾಸ್ಟಿಕ್ ಡಬ್ಬಿ ನನ್ನತ್ತ ಚಾಚಿದರು. ಬೆಳಿಗ್ಗೆಯಿಂದ ಅಲ್ಲೇ ಇಟ್ಟಿದ್ದ ಡಬ್ಬಿ. ಮುಚ್ಚಳ ಎಳೆದೆ, ಬರಲಿಲ್ಲ. ನೋಡಿದರೆ ಮುಚ್ಚಳ ಬಟ್ಟಲಿನಂತೆ ಒಳಕ್ಕೆ ಎಳೆದುಕೊಂಡಿತ್ತು.

"ಎಂತ ಮಾರಾಯ್ರೇ, ಅಕ್ಕ ಗೋಂದು ಹಚ್ಚಿ ಕೊಟ್ಟಿದ್ದಾರಾ?"

"ಒಳಗ ಇಟ್ರ ಯಾವಾಗ್ಲೂ ಹಿಂಗನ ಆಗ್ತೈತ್ರಿ. ಹೊರಗ ಹೋದ್ರ ತಾನ ಬಿಚ್ಚತೈತಿ. ಅದಕ್ಕ ನಾ ಹೊರಗ ಹೋಗೇ ತಿನ್ನೂದು."

ನಾನು ಡಬ್ಬಿಯನ್ನು ನೋಡಿದೆ. ಟಯರನ್ನು ನೋಡಿದೆ. ಅಯ್ಯೋ ದೇವರೇ! ಬಿಸಿಲಲ್ಲಿ ಹಿಗ್ಗಿದ ಗಾಳಿಯನ್ನು ಮುಚ್ಚಿಟ್ಟು ಚಳಿಗೆ ಒಯ್ದರೆ ಡಬ್ಬಿಯೊಳಗಿನ ಗಾಳಿಯೂ ಕುಗ್ಗುತ್ತದೆ, ಟಯರಿನೊಳಗಿನದೂ ಕುಗ್ಗುತ್ತದೆ. ಕಂಪ್ರೆಸರ್ ಹೊರಗಿದೆ ಎಂದು ಎಂದಿನಿಂದಲೂ ನಾವು ಗಾಳಿ ತುಂಬುತ್ತಿದ್ದದ್ದು ಹೊರಗೇ. ಹಳೆಯ ಟಯರಿಗೆ ಪಂಕ್ಚರ್ ಎಂದು ತೇಪೆ ಹಾಕಿದ ಸಲವೆಲ್ಲ ನೆನಪಾಗಿ ನಗು ಬಂತು. ಹಿಮದ ದೇಶದವರಿಗೆ ಈ ಕಷ್ಟವಿಲ್ಲ, ಅವರ ಹೊರಗೂ ಚಳಿಯೇ. ಮರಳುಗಾಡಿನವರಿಗೂ ಇಲ್ಲ. ಎರಡನ್ನೂ ಒಂದೇ ಗೋಡೆಗೆ ಅಂಟಿಸಿಕೊಂಡು ಕೂತ ನಮಗೆ ಮಾತ್ರ ಆಗುವ ಎಡವಟ್ಟು ಇದು. ಮನಸ್ಸಿನಲ್ಲೇ ಬೆಳ್ತಂಗಡಿಯವರ ಕ್ಷಮೆ ಕೇಳಿದೆ.

"ಏಳಿ ಏಳಿ, ಯಲ್ಲಾ!" ಎಂದು ಅವರನ್ನು ಎಬ್ಬಿಸಿದೆ. ಟಯರನ್ನು ಹೊರಗೆ ರಿಮ್ಮಿಗೆ ಕೂರಿಸಿ, ಕೂಡಲೇ ಒಳಗೆ ತಂದು, ತಣ್ಣಗಾಗಲು ಬಿಟ್ಟು, ನನ್ನ ಕಾರಿನ ಕಾಲುಪಂಪು ತಂದು ಇಬ್ಬರೂ ಸರದಿಯಲ್ಲಿ ಒತ್ತಿದೆವು. ಚಳಿಯಲ್ಲಿ ಉಸಿರು ಹೊಗೆಯಾಗಿ ಹೊರಡುತ್ತಿತ್ತು, ಬೆನ್ನಲ್ಲಿ ಬೆವರು. ಸಂಜೆ ಹೊರಡುವಾಗ ಒದ್ದು ನೋಡಿದೆ. ಟಯರು ಗಟ್ಟಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋದೆ. ಇಳಕಲ್ಲು ಸೀರೆಯ ಮೇಲೆ ಪಾರ್ಕಿನ ನೀಲಿ ಕೋಟು, ಕಾಲಿಗೆ ದೊಡ್ಡ ಬೂಟು. ಒಳಬಾಗಿಲು ತೆರೆದದ್ದೇ ಚಳಿ ಮುಖಕ್ಕೆ ಹೊಡೆಯಿತು. ಅವರು "ಎವ್ವಾ!" ಎಂದು ನನ್ನ ತೋಳು ಹಿಡಿದರು. ಆ ಕಡೆ ಬಾಗಲಕೋಟೆಯವರು ಯಂತ್ರ ಚಾಲೂ ಮಾಡಿದರು. ಟಿಲ್ಲರ್ ಟಯರಿನ ಹಲ್ಲುಗಳು ಹಿಮವನ್ನು ಕಚ್ಚಿ ಹಿಡಿದವು. ಯಂತ್ರ ನಡೆಯಿತು. ಸೊಂಡಿಲಿನಿಂದ ಹಿಮ ಎತ್ತರಕ್ಕೆ ಹಾರಿ ಆಚೆ ದಂಡೆಗೆ ಸುರಿಯಿತು, ದೀಪದ ಬೆಳಕಿನಲ್ಲಿ ಬೆಳ್ಳಗೆ. ಆ ಮನುಷ್ಯ ಹೆಂಡತಿಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ದಿನಾ ಹೇಗೆ ಮಾಡುತ್ತಿದ್ದರೋ ಹಾಗೆಯೇ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಮೂಲೆ ಬಿಡದೆ, ಪೂರ್ತಿ ಮಾಡಿದರು. ನನ್ನ ಕಣ್ಣು ಯಾಕೋ ಟಯರಿನ ಮೇಲೆ ನಿಲ್ಲದೆ ಮಂಜಾಯಿತು.

ಇಂಜಿನ್ ಬಂದ್ ಮಾಡಿ, ಬಾಯಿಗೆ ಸಿಕ್ಕಿದ ಹಿಮದ ಗಡ್ಡೆಯನ್ನು ಕೋಲಿನಿಂದ ತೆಗೆಯಲು ಅವರು ಕೈಗವಸು ಕಳಚಿದರು. ಅಕ್ಕ ಅಲ್ಲಿಯವರೆಗೆ ಅಲುಗದೆ ನಿಂತಿದ್ದವರು, ದೊಡ್ಡ ಬೂಟಿನಲ್ಲಿ ಎಡವುತ್ತ ಹಿಮ ದಾಟಿ ಹೋಗಿ, ಗಂಡನ ಎರಡೂ ಕೈ ಹಿಡಿದುಕೊಂಡರು. ಬೆರಳುಗಳ ಸಂದಿಯಲ್ಲಿ ವರ್ಷಗಳ ಚಳಿ ಸೀಳಿದ ಗುರುತುಗಳಿದ್ದವು. ಕೋಟಿನೊಳಗಿಂದ ಸೆರಗು ಎಳೆದು ಆ ಕೈಗಳನ್ನು ಸುತ್ತಿದರು.

"ಖರೇನ ಹೇಳಿದ್ರಿ. ನಾನ ನಂಬಲಿಲ್ಲ" ಎಂದರು. ಅತ್ತರು, ಮೂಗು ಒರೆಸಿಕೊಂಡರು. ಆಮೇಲೆ ದನಿ ಬದಲಾಯಿತು. "ಆದ್ರ ಇಷ್ಟು ಥಂಡಿ ಇರ್ತೈತಿ ಅಂತ ಯಾಕ ಹೇಳಲಿಲ್ಲ?"

"ಹಿಮ ಅಂದ್ರ ಥಂಡಿನ ಅಲ್ಲೇನ?" ಎಂದರು ಬಾಗಲಕೋಟೆಯವರು, ಕೈ ಬಿಡಿಸಿಕೊಳ್ಳದೆ. ನಾನು ಟಯರಿನ ಗಾಳಿ ನೋಡುವ ನೆಪದಲ್ಲಿ ಬಗ್ಗಿ ಕೂತೆ.

ಅಕ್ಕ ಹೋದರು. ಅಡುಗೆಮನೆಯಲ್ಲಿ ಜೋಳದ ಹಿಟ್ಟು ಸ್ವಲ್ಪ ಉಳಿದಿತ್ತು, ನನಗೆ ರೊಟ್ಟಿ ಬಡಿಯಲು ಬಾರದು. ಮುಂದೆ ಊರಿನಿಂದ ಯಾರೋ ಬರುವಾಗ ಉಣ್ಣೆ ಟೊಪ್ಪಿಗೆ, ಉಣ್ಣೆ ಕೈಗವಸು ಕಳಿಸಿದರು. ಹೊರಗೆ ಉಗುಳು ಬಿದ್ದಲ್ಲೇ ಆರುವ ಸೆಕೆಯಲ್ಲಿ ಆ ಪೊಟ್ಟಣ ಬಿಚ್ಚಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಬಾಗಲಕೋಟೆಯವರು ಟೊಪ್ಪಿಗೆಯನ್ನು ದಿನಾ ಹಾಕಿದರು.

ಆಗಸ್ಟಿನ ಒಂದು ಬೆಳಿಗ್ಗೆ ಕೆಲಸ ಮುಗಿಸಿ ಹೊರಗೆ ಚಹಾಕ್ಕೆ ನಿಂತಿದ್ದೆವು. ಅವರ ಬೆರಳು ನೀಲಿಗಟ್ಟಿದ್ದವು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಿದ್ದರು. ಅಕ್ಕನ ದನಿ ನನಗೂ ಕೇಳುತ್ತಿತ್ತು. ಇಷ್ಟೂ ವರ್ಷ ಆಕೆ ಮೊದಲು ಕೇಳುತ್ತಿದ್ದದ್ದು ಬಿಸಿಲು ಹೆಂಗೈತ್ರಿ ಎಂದು. ಅವತ್ತು ಕೇಳಿದ್ದು ಬೇರೆ.

"ಥಂಡಿ ಹೆಂಗೈತ್ರಿ?"

ಬಾಗಲಕೋಟೆಯವರು ಲೋಟದಲ್ಲಿದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. ನನ್ನ ಮುಖ ನೋಡಿದರು. ಆಮೇಲೆ, ನಾನು ಅವರ ಬಾಯಲ್ಲಿ ಕೇಳಿದ ಮೊದಲನೆಯ ಸುಳ್ಳು ಹೇಳಿದರು.

"ಥಂಡಿ ಏನೂ ಇಲ್ಲ ಬಿಡ. ಬೆಚ್ಚಗ ಅದೀನಿ."